ಬೇರೆಯವರ ಬಾಯಿಗೆ ಬರೆದ ಮಾತು

ಈ ಕಾಲೇಜು ಬಿಟ್ಟ ಮೇಲೆ ನಾನು ಬರೆದದ್ದು ಸಾಕಷ್ಟಿದೆ. ಅದರಲ್ಲಿ ಹೆಚ್ಚಿನದಕ್ಕೆ ನನ್ನ ಹೆಸರಿಲ್ಲ, ಇರಬೇಕಾಗಿಯೂ ಇಲ್ಲ. ಮೊದಲು ರಾಜಕಾರಣಿಗಳಿಗೆ ಭಾಷಣ ಬರೆಯುತ್ತಿದ್ದೆ. ಈಗ ಸಂಸ್ಥೆಗಳಿಗೆ ಸಂವಹನ ಸಲಹೆಗಾರನಾಗಿದ್ದೇನೆ. ಎರಡೂ ಕೆಲಸ ನನ್ನ ಕೈಗೆ ಹತ್ತಿದ್ದು ಇಲ್ಲಿನ ಚರ್ಚಾಕೂಟದಿಂದ, ಅದನ್ನು ನಡೆಸುತ್ತಿದ್ದ ನಮ್ಮ ಕನ್ನಡ ಮೇಷ್ಟ್ರಿಂದ.

ಮೇಷ್ಟ್ರು ಒಂದು ಪದ್ಧತಿ ಇಟ್ಟಿದ್ದರು: ಬರೆಯುವವರು ಒಬ್ಬರು, ಮಾತಾಡುವವರು ಇನ್ನೊಬ್ಬರು. ನಾನು ಬರೆಯುತ್ತಿದ್ದೆ, ಗೆಳೆಯನೊಬ್ಬ ಮಾತಾಡುತ್ತಿದ್ದ. ಅವನು ಎಲ್ಲಾದರೂ ತಡವರಿಸಿದರೆ ಮೇಷ್ಟ್ರು ಅವನನ್ನು ಏನೂ ಅನ್ನುತ್ತಿರಲಿಲ್ಲ. ನನ್ನ ಕಡೆ ತಿರುಗಿ, "ಇಲ್ಲಿ ಅವನು ಉಸಿರು ಎಳೆಯೋದು ಯಾವಾಗಪ್ಪಾ?" ಎಂದು ಕೇಳುತ್ತಿದ್ದರು. ಆಮೇಲೆ ಪೆನ್ಸಿಲ್ ತೆಗೆದುಕೊಂಡು ನನ್ನ ಹಾಳೆಯ ಮೇಲೆ, ಅವನು ಉಸಿರು ತೆಗೆದುಕೊಂಡ ಕಡೆಯೆಲ್ಲ ಓರೆಗೆರೆ ಹಾಕುತ್ತಿದ್ದರು. ನಾನು ಅಲ್ಪವಿರಾಮ ಇಟ್ಟ ಜಾಗಕ್ಕೂ ಆ ಗೆರೆಗೂ ಎಷ್ಟೋ ಸಲ ಹೊಂದಿಕೆಯೇ ಇರುತ್ತಿರಲಿಲ್ಲ. ಅದೇ ನನ್ನ ಪಾಠ.

ನಾಯಕರೊಬ್ಬರ ಕಚೇರಿ ಸೇರಿದಾಗ ಮೊದಲ ಕೆಲವು ವಾರ ನಾನು ಏನೂ ಬರೆಯಲಿಲ್ಲ. ಅವರ ಜೊತೆ ಕಾರಿನಲ್ಲಿ ಕೂತು, ಅವರು ಫೋನಿನಲ್ಲಿ ಆಡುವ ಮಾತು, ಕಾರ್ಯಕರ್ತರನ್ನು ಗದರುವ ರೀತಿ, ದುಃಖದಲ್ಲಿರುವವರ ಮನೆಯಲ್ಲಿ ಮಾತಾಡುವ ದನಿ, ಎಲ್ಲವನ್ನೂ ಕೇಳಿಸಿಕೊಂಡೆ. ಅವರು ಯಾವ ವಿಷಯವನ್ನೂ ನೇರವಾಗಿ ಹೇಳುತ್ತಿರಲಿಲ್ಲ, ಪ್ರಶ್ನೆ ಹಾಕಿ ತಾವೇ ಉತ್ತರ ಹೇಳುತ್ತಿದ್ದರು. ಹಾಗಾಗಿ ಅವರ ಭಾಷಣಗಳೂ ಪ್ರಶ್ನೆಯಿಂದ ಪ್ರಶ್ನೆಗೆ ಸಾಗಿದವು. ನನಗೆ ಇಷ್ಟವಾದ ಶೈಲಿ ಬೇರೆ ಇತ್ತು. ಅದು ಅಲ್ಲಿ ಕೆಲಸಕ್ಕೆ ಬರುವಂಥದ್ದಲ್ಲ.

ಕನ್ನಡದಲ್ಲಿ ಭಾಷಣ ಬರೆಯುವವರಿಗೆ ಒಂದು ಕಷ್ಟ ಇದೆ. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಸರ್ಕಾರ ಯೋಜನೆಯನ್ನು ತಂದಿತೋ, ಕೈಬಿಟ್ಟಿತೋ, ಮುಂದೂಡಿತೋ ಎಂಬುದು ತಿಳಿಯಬೇಕಾದರೆ ಕೇಳುವವರು ಕೊನೆಯವರೆಗೆ ಕಾಯಬೇಕು. ಕಾಗದದ ಮೇಲೆ ಇದು ತೊಂದರೆಯಲ್ಲ. ಮೈದಾನದಲ್ಲಿ ಮಾತ್ರ, ಉದ್ದ ವಾಕ್ಯದ ತುದಿ ಮುಟ್ಟುವಷ್ಟರಲ್ಲಿ ಹೇಳುವವರ ದನಿ ಇಳಿದಿರುತ್ತದೆ, ಎಲ್ಲಕ್ಕಿಂತ ಮುಖ್ಯವಾದ ಪದವೇ ಕೇಳಿಸುವುದಿಲ್ಲ. ಅದಕ್ಕೇ ಒಂದು ವಾಕ್ಯವನ್ನು ಮೂರಾಗಿ ಒಡೆಯುತ್ತಿದ್ದೆ.

ಹಾಳೆಯ ವಿಷಯವೂ ಅಷ್ಟೇ ಮುಖ್ಯ. ಅಕ್ಷರ ದಪ್ಪಗಿರಬೇಕು. ಹಾಳೆಯ ಕೆಳಭಾಗ ಖಾಲಿ ಇರಬೇಕು, ಇಲ್ಲದಿದ್ದರೆ ಓದುವವರ ತಲೆ ಬಗ್ಗಿ ಜನರಿಗೆ ಮುಖ ಕಾಣುವುದಿಲ್ಲ. ವಾಕ್ಯ ಒಂದು ಪುಟದಿಂದ ಇನ್ನೊಂದಕ್ಕೆ ಹರಿಯಬಾರದು. ಹಾಳೆಗಳಿಗೆ ಪಿನ್ ಹೊಡೆಯಬಾರದು, ಓದಿದ್ದನ್ನು ಸದ್ದಿಲ್ಲದೆ ಪಕ್ಕಕ್ಕೆ ಸರಿಸುವಂತಿರಬೇಕು. ಪುಟಸಂಖ್ಯೆಯನ್ನಂತೂ ಮರೆಯುವ ಹಾಗೇ ಇಲ್ಲ.

ಭಾಷಣ ಇನ್ನೂ ಉದ್ದವಿರಲಿ ಎಂದು ಒತ್ತಾಯ ಬಂದಾಗಲೆಲ್ಲ ನಾನು ಅಮೆರಿಕದ ಗೆಟಿಸ್‌ಬರ್ಗ್ ಎಂಬ ಊರಿನ ಕಥೆ ಹೇಳುತ್ತಿದ್ದೆ. 1863ರ ನವೆಂಬರ್ 19ರಂದು ಅಲ್ಲಿ ಯುದ್ಧದಲ್ಲಿ ಮಡಿದ ಸೈನಿಕರ ಸ್ಮಶಾನದ ಸಮರ್ಪಣೆಗೆ ಮುಖ್ಯ ಭಾಷಣಕಾರರಾಗಿದ್ದವರು ಎಡ್ವರ್ಡ್ ಎವರೆಟ್. ಅವರು ಸುಮಾರು ಎರಡು ಗಂಟೆ ಮಾತಾಡಿದರು. ಆಮೇಲೆ ಎದ್ದ ಅಧ್ಯಕ್ಷ ಲಿಂಕನ್ ಆಡಿದ್ದು ಸುಮಾರು 270 ಪದ. ನೀವು ಎರಡು ನಿಮಿಷದಲ್ಲಿ ಮುಟ್ಟಿದ ತಿರುಳಿನ ಹತ್ತಿರಕ್ಕಾದರೂ ನಾನು ಎರಡು ಗಂಟೆಯಲ್ಲಿ ಬಂದಿದ್ದರೆ ಸಂತೋಷಪಡುತ್ತಿದ್ದೆ ಎಂಬರ್ಥದ ಪತ್ರವನ್ನು ಮರುದಿನ ಎವರೆಟ್ ಅವರೇ ಲಿಂಕನ್ ಅವರಿಗೆ ಬರೆದರು. ಈ ಕಥೆ ಕೆಲವರ ಮೇಲೆ ಪರಿಣಾಮ ಬೀರಿತು, ಎಲ್ಲರ ಮೇಲೂ ಅಲ್ಲ.

"ನೀನು ಬರೆದದ್ದಕ್ಕೆ ಅವರಿಗೆ ಚಪ್ಪಾಳೆ, ಬೇಜಾರಾಗಲ್ವಾ?" ಎಂದು ಹಳೆಯ ಸಹಪಾಠಿಗಳು ಈಗಲೂ ಕೇಳುತ್ತಾರೆ. ಇಲ್ಲ. 1961ರಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿ ಮಾಡಿದ ಅಧಿಕಾರ ಸ್ವೀಕಾರದ ಭಾಷಣದ ಕರಡಿನಲ್ಲಿ, ಅವರಿಗೆ ಭಾಷಣ ಬರೆಯುತ್ತಿದ್ದ ಟೆಡ್ ಸೊರೆನ್ಸೆನ್ ಅವರ ಕೈ ಎಷ್ಟಿತ್ತೆಂಬ ಚರ್ಚೆ ದಶಕಗಟ್ಟಲೆ ನಡೆಯಿತು. ಶ್ರೇಯಸ್ಸು ಕೆನಡಿಯವರದೇ ಎಂಬ ನಿಲುವನ್ನು ಸೊರೆನ್ಸೆನ್ ಬಿಡಲಿಲ್ಲ. ಅದು ಸರಿಯೆಂದೇ ನನ್ನ ನಂಬಿಕೆ. ಆಡಿದ ಮಾತಿಗೆ ನಾಳೆ ಉತ್ತರ ಕೊಡಬೇಕಾದವರು ಅದನ್ನು ಆಡಿದವರೇ.

ಚುನಾವಣೆ ಸೋತರೆ ಇಡೀ ತಂಡ ಚದುರಿಹೋಗುತ್ತದೆ. ನಮ್ಮದೂ ಚದುರಿತು. ನಾನು ಸಲಹೆಗಾರಿಕೆಗೆ ಬಂದದ್ದು ಹಾಗೆ.

ಇಲ್ಲಿನ ಕಷ್ಟ ಬೇರೆ ತರಹದ್ದು. ನಾಯಕರಿಗೆ ಅವರದೇ ಆದ ದನಿ ಇರುತ್ತದೆ. ಕಂಪನಿಗೆ ಸಮಿತಿ ಇರುತ್ತದೆ. ಒಂದು ಕಾರ್ಖಾನೆಯಲ್ಲಿ ಅವಘಡವಾಗಿ ಕಾರ್ಮಿಕರು ಜೀವ ಕಳೆದುಕೊಂಡಿದ್ದರು. ನನ್ನ ಮುಂದೆ ಬಂದ ಪತ್ರಿಕಾ ಹೇಳಿಕೆಯಲ್ಲಿ "ಘಟನೆ ಸಂಭವಿಸಿರುವುದಕ್ಕೆ ವಿಷಾದ ವ್ಯಕ್ತಪಡಿಸಲಾಗಿದೆ" ಎಂದಿತ್ತು. ಕಾನೂನು ವಿಭಾಗ ನೋಡಿತ್ತು, ಮಾನವ ಸಂಪನ್ಮೂಲದವರು ನೋಡಿದ್ದರು. ಸತ್ತವರ ಹೆಸರು ಮಾತ್ರ ಎಲ್ಲೂ ಇರಲಿಲ್ಲ. ನಾನು ಕೇಳಿದ್ದು ಒಂದೇ: "ಇದನ್ನ ಯಾರು ನಿಂತು ಓದ್ತಾರೆ, ಸರ್?" ಕೊಠಡಿಯಲ್ಲಿ ಯಾರೂ ಮಾತಾಡಲಿಲ್ಲ. ಕೊನೆಗೆ ಮುಖ್ಯಸ್ಥರು, "ನಾನೇ ಓದ್ತೀನಿ" ಅಂದರು. ಓದುವವರು ಯಾರೆಂದು ಗೊತ್ತಾದ ಮೇಲೆ ಬರೆಯುವುದು ಕಷ್ಟವಾಗಲಿಲ್ಲ. ಅವರೇ ಗಟ್ಟಿಯಾಗಿ ಓದುತ್ತಾ ಹೋದರು, ನಾನು ಪೆನ್ಸಿಲ್ ಹಿಡಿದು ಕೂತೆ. ಪತ್ರಕರ್ತರ ಮುಂದೆ ಹೋಗುವ ಮೊದಲು ಅವರು ಆ ಕುಟುಂಬಗಳನ್ನು ಖುದ್ದಾಗಿ ಕಂಡು ಬರಬೇಕೆಂದೂ ಹೇಳಿದೆ. ಹೋಗಿ ಬಂದರು.

ಮನೆಯವರಿಗೆ ಮೊದಲು ತಿಳಿಸುವುದು ನಾನು ಕಂಡುಹಿಡಿದ ಕ್ರಮವಲ್ಲ. 1969ರ ಜುಲೈಯಲ್ಲಿ ಆರ್ಮ್‌ಸ್ಟ್ರಾಂಗ್ ಮತ್ತು ಆಲ್ಡ್ರಿನ್ ಚಂದ್ರನಿಂದ ಮರಳಲಾಗದಿದ್ದರೆ ಏನು ಹೇಳಬೇಕೆಂದು ಅಮೆರಿಕದ ಅಧ್ಯಕ್ಷ ನಿಕ್ಸನ್ ಅವರಿಗಾಗಿ ಅವರ ಭಾಷಣ ಬರಹಗಾರ ವಿಲಿಯಂ ಸಫೈರ್ ಒಂದು ಪುಟ್ಟ ಭಾಷಣ ಬರೆದಿಟ್ಟಿದ್ದರು. ಅದನ್ನು ಓದುವ ಮುನ್ನ ಅಧ್ಯಕ್ಷರು ಆ ಇಬ್ಬರು ಗಗನಯಾತ್ರಿಗಳ ಹೆಂಡತಿಯರಿಗೆ ಫೋನ್ ಮಾಡಬೇಕೆಂದು ಅದೇ ಟಿಪ್ಪಣಿಯಲ್ಲಿ ಬರೆದಿದ್ದರು. ಆ ಭಾಷಣ ಬಳಕೆಗೆ ಬರಲಿಲ್ಲ. ಆದರೂ ಅದನ್ನು ಹೊಸಬರಿಗೆಲ್ಲ ಓದಿಸುತ್ತೇನೆ. ಕೆಟ್ಟ ಸುದ್ದಿಗೆ ಬೇಕಾದ ಮಾತನ್ನು ತಲೆ ತಣ್ಣಗಿರುವಾಗಲೇ ಬರೆದಿಡಬೇಕು.

ಕೆಲಸ ಕೇಳಿಕೊಂಡು ಬರುವ ಹುಡುಗ ಹುಡುಗಿಯರಿಗೆ ಒಂದೇ ಸುದ್ದಿ ಕೊಟ್ಟು, ಇಬ್ಬರು ಬೇರೆ ಬೇರೆ ಜನ ಓದುವಂತೆ ಎರಡು ಸಲ ಬರೆಯಿರಿ ಎನ್ನುತ್ತೇನೆ. ಭಾಷೆ ಚೆನ್ನಾಗಿ ಬಲ್ಲವರೂ ಇಲ್ಲಿ ತಿಣುಕುತ್ತಾರೆ. ಇಬ್ಬರಿಗೂ ತಮ್ಮದೇ ದನಿ ಕೊಟ್ಟುಬಿಡುತ್ತಾರೆ. ಚರ್ಚಾಕೂಟದಲ್ಲಿ ಬರೆಯುವವರನ್ನೂ ಮಾತಾಡುವವರನ್ನೂ ಜೋಡಿ ಮಾಡುವ ಪದ್ಧತಿ ಈಗ ನಿಂತಿದ್ದರೆ, ಅಧ್ಯಾಪಕರು ದಯವಿಟ್ಟು ಮತ್ತೆ ಶುರು ಮಾಡಬೇಕು. ಬೇಕೆಂದರೆ ನಾನೂ ಬಂದು ಕೂರುತ್ತೇನೆ.