ಅವಳಿಗೆ ನಾವೇನು ಕಡಿಮೆ ಮಾಡಿದ್ದೀವಾ?

ಪಕ್ಕದ ಮನೆ ಅಮ್ಮ ಬಚ್ಚಲಲ್ಲಿ ಜಾರಿ ಕೈ ಮುರಿದುಕೊಂಡ ಸುದ್ದಿ ಈ ವಾರ ನಮ್ಮ ಬೀದಿಗೆಲ್ಲ ಗೊತ್ತಾಯ್ತು. ಆಸ್ಪತ್ರೆಗೆ ಅಡ್ವಾನ್ಸ್ ಕಟ್ಟಿದ್ದು ಯಾರು ಅಂತ ಮಾತ್ರ ಯಾರೂ ಕೇಳಲಿಲ್ಲ. ಮಗ ಬೆಂಗಳೂರಿನಿಂದ ಮಂಡ್ಯ ಮುಟ್ಟುವಷ್ಟರಲ್ಲಿ ಮಧ್ಯಾಹ್ನ. ಅಷ್ಟರೊಳಗೆ ಮನೆಕೆಲಸದ ಅಕ್ಕ ಅಮ್ಮನನ್ನು ಆಟೋದಲ್ಲಿ ಕರೆದೊಯ್ದು, ತಮ್ಮ ಮನೆಗೆ ಓಡಿ ದುಡ್ಡು ತಂದು, ಆರು ಸಾವಿರ ಕಟ್ಟಿಬಿಟ್ಟಿದ್ದರು. ನಾನು ಹೋದಾಗ ರಸೀದಿಯನ್ನು ಸಣ್ಣಗೆ ಮಡಚಿ ಎಲೆಅಡಿಕೆ ಚೀಲದೊಳಗೆ, ಸುಣ್ಣದ ಡಬ್ಬಿ ಪಕ್ಕ ತುರುಕುತ್ತಿದ್ದರು. ಗೃಹಲಕ್ಷ್ಮಿಯ ಎರಡೆರಡು ಸಾವಿರ ಸೇರಿಸಿ ಮೊಮ್ಮಗಳ ಓಲೆಗೆ ಅಂತ ಇಟ್ಟಿದ್ದ ದುಡ್ಡದು.

ಮಗ ಬಂದವನೇ ಲೆಕ್ಕ ಚುಕ್ತಾ ಮಾಡಿದ. ಒಳ್ಳೆ ಹುಡುಗ. "ಅಕ್ಕ ಇಲ್ದಿದ್ರೆ ಏನ್ ಗತಿನಮ್ಮ" ಅಂದ. ಅದಕ್ಕೆ ಅಮ್ಮ ಮಲಗಿದ್ದಲ್ಲಿಂದಲೇ, "ಅವಳಿಗೆ ನಾವೇನು ಕಡಿಮೆ ಮಾಡಿದ್ದೀವಾ? ಮಗಳ ಮದುವೆಗೆ ಹತ್ತು ಸಾವಿರ ಕೊಡಲಿಲ್ವಾ?" ಅಂದರು.

ಅಕ್ಕ ಅಲ್ಲೇ ಫ್ಲಾಸ್ಕ್ ಹಿಡಿದು ನಿಂತಿದ್ದರು. "ಕೊಟ್ಟಿದ್ರಿ ಕಣವ್ವ. ಮುಯ್ಯಿ ಪುಸ್ತಕದಲ್ಲಿ ನಿಮ್ಮೆಸ್ರೇ ಮೊದ್ಲು ಬರ್ಸಿದ್ದೀನಲ್ಲ" ಅಂದು ಕಾಫಿ ಬಗ್ಗಿಸಿದರು.

ಅಮ್ಮನ ಆ ಮಾತು ನನ್ನನ್ನು ಬಿಡುತ್ತಲೇ ಇಲ್ಲ. ಅಮ್ಮ ಕೆಟ್ಟವರಲ್ಲ. ಅಕ್ಕನ ಮಗಳನ್ನು ಕೂರಿಸಿಕೊಂಡು ಎಸ್ಸೆಸ್ಸೆಲ್ಸಿ ಗಣಿತ ಹೇಳಿಕೊಟ್ಟವರು ಅವರೇ. ಆದರೆ ಅವರು ಕೊಟ್ಟಿದ್ದೆಲ್ಲ ಉಪಕಾರ, ಅಕ್ಕ ಮಾಡಿದ್ದೆಲ್ಲ ಕೆಲಸ, ಹಾಗಾಗಿಹೋಗಿದೆ. ನಮ್ಮ ಕಡೆ ಮದುವೆಯಲ್ಲಿ ನೂರೊಂದು ಮುಯ್ಯಿ ಹಾಕಿದವರ ಹೆಸರನ್ನೂ ಊರಿನ ಸಮೇತ ಬರೆದಿಡ್ತೀವಿ. ಅವರ ಮನೆ ಕಾರ್ಯಕ್ಕೆ ಹೋಗಿ ಒಂದಿಷ್ಟು ಸೇರಿಸಿಯೇ ತೀರಿಸ್ತೀವಿ. ಅಮ್ಮನ ಯಜಮಾನರು ಹಾಸಿಗೆ ಹಿಡಿದಾಗ ಬೆಡ್‌ಪ್ಯಾನ್ ಹಿಡಿದ ಅಕ್ಕನ ಹೆಸರು ಯಾವ ಪುಸ್ತಕದಲ್ಲಿದೆ? ಅದು ಸಂಬಳದಲ್ಲಿ ಸೇರಿತ್ತಾ? ಸಂಬಳವಾದರೂ ಎಷ್ಟು! ಮನೆಗೆಲಸಕ್ಕೂ ಕನಿಷ್ಠ ವೇತನ ಅಂತ ಕರ್ನಾಟಕ ಸರ್ಕಾರ 2004ರಲ್ಲೇ ಗೊತ್ತುಮಾಡಿತು. ನಮ್ಮ ಬೀದಿಯಲ್ಲಿ ಅದನ್ನು ಎತ್ತಿದವರನ್ನು ನಾನು ಕಂಡಿಲ್ಲ. ಸಂಬಳ ಏರಿಸೋದಕ್ಕಿಂತ ಹಬ್ಬಕ್ಕೊಂದು ಸೀರೆ ಕೊಡೋದು ನಮಗೆಲ್ಲ ಸಲೀಸು. ಏರಿಸಿದ ಸಂಬಳವನ್ನು ತಿಂಗಳು ತಿಂಗಳು ಕೊಡಬೇಕು, ಯಾರೂ ಹೊಗಳೋದಿಲ್ಲ. ಸೀರೆ ಕೊಟ್ಟರೆ ವರ್ಷವಿಡೀ ಹೇಳಿಕೊಳ್ಳಬಹುದು.

ಅಮ್ಮನ ಆ ಮಾತಿಂದ ನೋವಾಗಲಿಲ್ವಾ ಅಂತ ನಿನ್ನೆ ಅಕ್ಕನನ್ನು ಕೇಳಿಯೇಬಿಟ್ಟೆ. "ನೋವಿರ್ತದೆ. ಹಂಗಂತ ಬಿದ್ದೋರ್ನ ಬಿಟ್ ಬರಕ್ಕಾಯ್ತದಾ?" ಅಂದರು. ದೊಡ್ಡ ಗುಣ, ನಿಜ. ಆದರೆ ಅವರ ಗುಣ ದೊಡ್ಡದು ಅನ್ನುವ ನೆಪದಲ್ಲೇ ನಾವು ಇಷ್ಟು ವರ್ಷ ಅಗ್ಗದಲ್ಲಿ ಕಾಲ ಹಾಕಿದ್ದೀವಿ ಅನ್ನಿಸುತ್ತೆ.

ಮುಂದಿನ ತಿಂಗಳು ಮೊಮ್ಮಗಳ ಮುಡಿ ಕೊಡೋಕೆ ಮಾದಪ್ಪನ ಬೆಟ್ಟಕ್ಕೆ ಹೋಗಬೇಕಂತೆ. ರಜ ಕೇಳೋಕೆ ಹಿಂಜರಿಯುತ್ತಿದ್ದರು, ಅಮ್ಮನ ಕೈ ಹೀಗಿರುವಾಗ ಅಂತ. ಅಷ್ಟು ದಿನ ಅಮ್ಮನನ್ನು ನಾನು ನೋಡಿಕೊಳ್ತೀನಿ ಅಂದಿದ್ದೀನಿ. ರಜದ ಸಂಬಳ ಹಿಡಿಯಬೇಡ ಅಂತ ಮಗನಿಗೂ ಫೋನ್ ಮಾಡಿ ಹೇಳಿದ್ದೀನಿ. "ಅಮ್ಮನ್ನ ಕೇಳಿ ಹೇಳ್ತೀನಿ ಆಂಟಿ" ಅಂದಿದ್ದಾನೆ.