ಸೀಲ್ ಮಾಡಿದ ಸೆಲ್ಲೇ ಮೊದಲು ಸೋತಿತು

ಕೊನೆಗೂ ಕಳ್ಳ ಸಿಕ್ಕಿಬಿದ್ದ! ನನ್ನ ಸೋಲಾರ್ ಸೆಲ್‌ಗಳು ಬೇಗ ಸೋಲುತ್ತವೆ ಅಂತ ಮೂರು ತಿಂಗಳಿಂದ ಸುಮ್ನೆ ಬೆಂಗಳೂರಿನ ತೇವವನ್ನು ಬೈಯುತ್ತಿದ್ದೆ. ತಪ್ಪು ಸೆಲ್ಲಿನೊಳಗೆ ಎಲೆಕ್ಟ್ರಾನ್ ಸಾಗಿಸುವ ಟೈಟಾನಿಯಂ ಡೈಆಕ್ಸೈಡ್ ಪದರದ್ದು.

ದ್ರಾವಣ ಹನಿಸಿ ಗಾಜನ್ನು ಗಿರ್ರನೆ ತಿರುಗಿಸಿ ಪದರ ಹರಡಿದ್ದು, ಕಾಯಿಸಿದ್ದು ಎಲ್ಲ ಹಾಗಿರಲಿ, ಬಿಡಿ. ಒಂದೇ ಬ್ಯಾಚಿನ ಎರಡು ಪೆರೋವ್‌ಸ್ಕೈಟ್ ಸೆಲ್ (ಬೆಳಕು ಹೀರುವ ಪದರ ಸಿಲಿಕಾನ್ ಅಲ್ಲ, ಪೆರೋವ್‌ಸ್ಕೈಟ್ ಅನ್ನುವ ಹರಳು). ಒಂದನ್ನು ನೈಟ್ರೋಜನ್ ತುಂಬಿದ ಚೀಲದೊಳಗೆ ಗಾಜು, ಎಪಾಕ್ಸಿ ಹಾಕಿ ಸೀಲ್ ಮಾಡಿದೆ. ಇನ್ನೊಂದು ಹಾಗೇ. ಫೆಬ್ರವರಿಯ ಒಣ ಬಿಸಿಲಲ್ಲಿ ರಾಜಾಜಿನಗರದ ನಮ್ಮ ಮನೆ ತಾರಸಿ ಮೇಲಿಟ್ಟೆ.

ನಾಲ್ಕೇ ದಿನಕ್ಕೆ ಸೀಲ್ ಮಾಡಿದ್ದರ ಕರೆಂಟ್ ಅರ್ಧಕ್ಕಿಳಿಯಿತು. ತೆರೆದಿದ್ದದ್ದು ಚೆನ್ನಾಗಿಯೇ ಇತ್ತು. ಉಲ್ಟಾ ಅಲ್ವಾ? ಎಪಾಕ್ಸಿ ಸೋರಿರಬೇಕು ಅಂದುಕೊಂಡು ಭೂತಗನ್ನಡಿ ಹಿಡಿದು ನಾಲ್ಕೂ ಅಂಚು ನೋಡಿದೆ. ತೇವ ಹೊಕ್ಕಿದ್ದರೆ ಪೆರೋವ್‌ಸ್ಕೈಟ್ ಒಡೆದು ಲೆಡ್ ಅಯೊಡೈಡಿನ ಅರಿಶಿನ ಬಣ್ಣ ಕಾಣಬೇಕಿತ್ತು. ಒಂದು ಚುಕ್ಕೆಯೂ ಇಲ್ಲ. ಪದರ ಕಾಡಿಗೆಯಷ್ಟೇ ಕಪ್ಪು.

ಅಲ್ಲಿಗೆ ನೆನಪಾಯಿತು. ಆಕ್ಸ್‌ಫರ್ಡಿನ ಭೌತವಿಜ್ಞಾನಿ ಹೆನ್ರಿ ಸ್ನೈತ್ ಅವರ ತಂಡ 2013ರಲ್ಲೇ ಇದನ್ನು ತೋರಿಸಿತ್ತು. ಟೈಟಾನಿಯಂ ಡೈಆಕ್ಸೈಡ್ ಸುಮಾರು 390 ನ್ಯಾನೋಮೀಟರಿಗಿಂತ ಕೆಳಗಿನ ಯುವಿ ಹೀರುತ್ತದೆ. ಆಗ ಅದರ ಮೈಗೆ ಅಂಟಿದ್ದ ಆಕ್ಸಿಜನ್ ಬಿಟ್ಟು ಹೋಗುತ್ತದೆ, ಆ ಜಾಗ ಎಲೆಕ್ಟ್ರಾನ್ ನುಂಗುವ ಗುಂಡಿಯಾಗುತ್ತದೆ. ಹೊರಗಿನ ಗಾಳಿ ಸಿಕ್ಕರೆ ಗುಂಡಿ ಮತ್ತೆ ಮುಚ್ಚುತ್ತದೆ. ನಾನು ಆ ಗಾಳಿಯನ್ನೇ ತಡೆದಿದ್ದೆ!

ಇನ್ನೊಂದು ಸೀಲ್ ಸೆಲ್ ಮಾಡಿ 400 ನ್ಯಾನೋಮೀಟರಿಗಿಂತ ಕೆಳಗಿನ ಬೆಳಕನ್ನು ತಡೆಯುವ ಫಿಲ್ಮ್ ಅಂಟಿಸಿದೆ. ಕುಸಿತ ನಿಂತಿತು. ಆದರೆ ಫಿಲ್ಮ್ ತಡೆದಷ್ಟು ಬೆಳಕು ನಷ್ಟ, ಕರೆಂಟ್ ಮೊದಲ ದಿನವೇ ಸ್ವಲ್ಪ ಕಡಿಮೆ. ಹಾಗಾಗಿ ಪದರವನ್ನೇ ಬದಲಿಸಿ ಟಿನ್ ಆಕ್ಸೈಡ್ ಹಾಕಿದೆ. ಅದರ ಬ್ಯಾಂಡ್‌ಗ್ಯಾಪ್ (ಬೆಳಕು ಹೀರಲು ಬೇಕಾದ ಕನಿಷ್ಠ ಶಕ್ತಿ) ಜಾಸ್ತಿ, ಬಿಸಿಲಿನ ಯುವಿ ಅದನ್ನು ಅಷ್ಟು ಕೆಣಕುವುದಿಲ್ಲ. 150 ಡಿಗ್ರಿಯಲ್ಲಿ ಕಾಯಿಸಿದರೆ ಸಾಕು, ಫರ್ನೇಸ್ ಹುಡುಕಿಕೊಂಡು ಅಲೆಯಬೇಕಿಲ್ಲ. ಸೀಲ್ ಮಾಡಿದ ಆ ಸೆಲ್ ಇವತ್ತಿಗೆ ಹನ್ನೊಂದನೇ ದಿನ, ಕರೆಂಟ್ ಹೆಚ್ಚುಕಡಿಮೆ ಹಾಗೇ ಇದೆ. ಬೆಳಿಗ್ಗೆ ಮೀಟರ್ ನೋಡಿ ಕೂಗಿಯೇಬಿಟ್ಟೆ, ಅಮ್ಮ ಗಾಬರಿಯಾಗಿ ಮೇಲೆ ಓಡಿಬಂದರು.

ಗಾಜಿನದ್ದೇ ಬೇಜಾರು. ಈ ಸಲದ ಎಫ್‌ಟಿಓ (ಕರೆಂಟ್ ಹರಿಯುವ ಪಾರದರ್ಶಕ ಲೇಪನದ ಗಾಜು) ತುಂಡುಗಳನ್ನು ಮಾರುವವರು ಪೇಪರ್ ಕೂಡ ಇಡದೆ ಒಂದರ ಮೇಲೊಂದು ಪೇರಿಸಿ ಕಳಿಸಿದ್ದಾರೆ. ಹತ್ತರಲ್ಲಿ ನಾಲ್ಕಕ್ಕೆ ಗೀರು. ಕೇಳಿದರೆ "ಟೆಸ್ಟ್ ಮಾಡಿಯೇ ಕಳಿಸಿದ್ದು ಸಾರ್" ಅನ್ನುತ್ತಾರೆ!

ಮುಂದಿನದ್ದು ಈಗಲೇ ತಲೆಯಲ್ಲಿ ಕುಣಿಯುತ್ತಿದೆ. ಯುವಿಯನ್ನು ತಡೆದು ಬಿಸಾಡುವ ಬದಲು ಬಳಸಿಕೊಳ್ಳಬೇಕು. ಯುರೋಪಿಯಂ ಕಾಂಪ್ಲೆಕ್ಸ್ (ಯುರೋಪಿಯಂ ಲೋಹದ ಸಂಯುಕ್ತ) ಯುವಿ ಹೀರಿ 612 ನ್ಯಾನೋಮೀಟರ್ ಹತ್ತಿರ ಕೆಂಪು ಬೆಳಕು ಬಿಡುತ್ತದೆ, ಅದನ್ನು ಪೆರೋವ್‌ಸ್ಕೈಟ್ ಚೆನ್ನಾಗಿ ಹೀರುತ್ತದೆ. ಅಕ್ರಿಲಿಕ್‌ನಲ್ಲಿ ಕರಗಿಸಿ ಗಾಜಿನ ಹೊರಮೈಗೆ ಬಳಿಯುವ ಯೋಚನೆ. ಗೀರು ಬಿದ್ದ ಆ ನಾಲ್ಕು ತುಂಡು ಬಳಿದು ನೋಡುವುದಕ್ಕೆ ಸಾಕು.