ಫಿಜಿಯಿಂದ ಓಪುವಾಗೆ: ಹಾಯಿ ಏರಿಸುವ ಮೊದಲು ಆಗಬೇಕಾದ ಕಾಗದಪತ್ರ

2024 ಅಕ್ಟೋಬರ್ 22, ಮಂಗಳವಾರ
ವುಡಾ, ಫಿಜಿ

ನವೆಂಬರ್ ಬಂತೆಂದರೆ ಇಲ್ಲಿ ಚಂಡಮಾರುತದ ಕಾಲ ಶುರು. ಅದಕ್ಕೇ ಯಾಟ್‌ಗಳೆಲ್ಲ (ವಿಹಾರದ ಹಾಯಿದೋಣಿಗಳು) ದಕ್ಷಿಣಕ್ಕೆ, ನ್ಯೂಜಿಲೆಂಡಿನ ಓಪುವಾ ಬಂದರಿಗೆ ಹೊರಡುವ ತಯಾರಿಯಲ್ಲಿವೆ. ದಾರಿ ಹೆಚ್ಚುಕಮ್ಮಿ 1,050 ನಾಟಿಕಲ್ ಮೈಲಿ; ಸಾಧಾರಣ ಹಾಯಿದೋಣಿಗೆ ಎಂಟರಿಂದ ಹತ್ತು ದಿನ. ಗಾಳಿ ಹದಕ್ಕೆ ಬರುವವರೆಗೆ ಕಾಯುವ ಈ ದಿನಗಳನ್ನು ಕಾಗದಪತ್ರದ ಫೈಲು ಸಿದ್ಧಮಾಡಲು ಕೊಡಬೇಕು. ಓಪುವಾದಲ್ಲಿ ಕೇಳುವ ಕಾಗದಗಳಲ್ಲಿ ಹೆಚ್ಚಿನವು ಇಲ್ಲೇ ಆಗಬೇಕಾದವು, ಅಲ್ಲಿ ಹೋದಮೇಲೆ ಮಾಡಿಸಲು ಬರುವುದಿಲ್ಲ.

ಮೊದಲು ದೋಣಿಯ ತಳ. ವೀಸಾ, ನೋಂದಣಿ ಎಲ್ಲ ಸರಿ ಇಟ್ಟುಕೊಂಡವರೂ ಎಡವುವುದು ಇಲ್ಲಿ. 2018ರ ಮೇ 15ರಿಂದ ನ್ಯೂಜಿಲೆಂಡಿಗೆ ಬರುವ ಪ್ರತಿ ದೋಣಿಯ ತಳವೂ ಪಾಚಿ, ಚಿಪ್ಪು ಅಂಟದೆ ಸ್ವಚ್ಛವಾಗಿರಬೇಕು, ಸ್ವಚ್ಛವಾಗಿದೆ ಎಂದು ತೋರಿಸುವ ದಾಖಲೆಯೂ ಕೈಯಲ್ಲಿರಬೇಕು. ಹೆಚ್ಚು ದಿನ ಉಳಿಯುವ ದೋಣಿಯಾದರೆ ತೆಳು ಲೋಳೆ, ದಾರಿಯಲ್ಲಿ ಅಂಟಿಕೊಳ್ಳುವ ಗೂಸ್ ಬಾರ್ನಕಲ್ ಎಂಬ ಚಿಪ್ಪುಜೀವಿ ಇವೆರಡನ್ನು ಬಿಟ್ಟು ಬೇರೇನೂ ಇರಕೂಡದು. ಹೆಚ್ಚಿನವರು ಹಿಡಿಯುವ ದಾರಿ, ತಲುಪುವ ಮುಂಚಿನ 30 ದಿನಗಳ ಒಳಗೆ ತಳ ಉಜ್ಜಿಸುವುದು. ಲೆಕ್ಕ ತಪ್ಪುವುದೂ ಇದರಲ್ಲೇ. 30 ದಿನ ಎಣಿಸಬೇಕಾದ್ದು ತಲುಪುವ ದಿನದಿಂದ ಹಿಂದಕ್ಕೆ, ಹೊರಡುವ ದಿನದಿಂದಲ್ಲ. ಅಕ್ಟೋಬರ್ 1ಕ್ಕೆ ಉಜ್ಜಿಸಿದ ದೋಣಿ ಇವತ್ತು ಹೊರಟು ಹತ್ತು ದಿನ ತೆಗೆದುಕೊಂಡರೆ ನವೆಂಬರ್ 1ಕ್ಕೆ ತಲುಪುತ್ತದೆ. ಅಲ್ಲಿಗೆ 31 ದಿನ. ಗಾಳಿಗೆ ಕಾಯುವ ದಿನಗಳನ್ನೂ ಸೇರಿಸಿಕೊಂಡು, ಆದಷ್ಟು ಕೊನೆಗೆ ಉಜ್ಜಿಸುವುದು ಒಳ್ಳೆಯದು. ಬೆಚ್ಚಗಿನ ನೀರಿನಲ್ಲಿ ಕಟ್ಟಿ ನಿಲ್ಲಿಸಿದ ದೋಣಿಗೆ ಎರಡೇ ವಾರದಲ್ಲಿ ಪಾಚಿ, ಚಿಪ್ಪು ಮತ್ತೆ ಹಿಡಿಯುತ್ತದೆ.

ಇನ್ನು ಫೋಟೋ. ಅಗಲವಾದ ನೀಲಿ ತಳದ ಒಂದು ಚಿತ್ರದಿಂದ ಏನೂ ತಿಳಿಯುವುದಿಲ್ಲ. ಅಧಿಕಾರಿಗಳು ಹುಡುಕುವುದು ಮೂಲೆಮುಡುಕು: ಕೀಲ್‌ನ (ತಳದ ನಡುವಿನ ಬೆನ್ನೆಲುಬು) ಅಡಿ, ಚುಕ್ಕಾಣಿಯ ಮೇಲ್ತುದಿಯ ಸಂದು, ಪ್ರೊಪೆಲರ್ ಮತ್ತು ಶಾಫ್ಟ್, ಎಂಜಿನ್‌ಗೆ ನೀರು ಎಳೆಯುವ ರಂಧ್ರಗಳ ಜಾಲರಿ, ಮೂತಿಯನ್ನು ಪಕ್ಕಕ್ಕೆ ತಳ್ಳುವ ಸಣ್ಣ ಪ್ರೊಪೆಲರ್ ಇರುವ ಬೋ ಥ್ರಸ್ಟರ್‌ನ ಕೊಳವೆ. ರಂಧ್ರದ ಒಳಗೆ ಬೆರಳಿನಷ್ಟು ಆಳದಲ್ಲಿ ಒಂದೇ ಒಂದು ಚಿಪ್ಪು ಉಳಿದಿದ್ದರೂ ಪ್ರಶ್ನೆ ಏಳುತ್ತದೆ. ಪ್ರತಿ ಜಾಗದ್ದೂ ಉಜ್ಜುವ ಮುಂಚೆ ಒಂದು, ಆಮೇಲೆ ಒಂದು, ತಾರೀಖು ಕಾಣುವಂತೆ ತೆಗೆಯಬೇಕು. ಜೊತೆಗೆ ತಳ ಉಜ್ಜಿದ ಮುಳುಗುಗಾರರ ಅಥವಾ ಯಾರ್ಡಿನ (ದೋಣಿ ಎತ್ತಿ ರಿಪೇರಿ ಮಾಡುವ ಜಾಗ) ರಸೀದಿ, ಪಾಚಿ ಚಿಪ್ಪು ಹಿಡಿಯದಂತೆ ಬಳಿಯುವ ಆಂಟಿಫೌಲಿಂಗ್ ಬಣ್ಣ ಯಾವುದು, ಯಾವಾಗ ಬಳಿದದ್ದು ಎಂಬ ಬಿಲ್. ರಸೀದಿಯಲ್ಲಿ ದೋಣಿಯ ಹೆಸರೂ ದಿನಾಂಕವೂ ಇರಲೇಬೇಕು. ಬರೀ ಮೊತ್ತ ಗೀಚಿದ ಚೀಟಿ ನಡೆಯುವುದಿಲ್ಲ. ಇದ್ಯಾವುದೂ ಇಲ್ಲದಿದ್ದರೆ, ತಲುಪಿದ 24 ಗಂಟೆಯೊಳಗೆ ದೋಣಿಯನ್ನು ನೀರಿನಿಂದ ಎತ್ತಿಸಿ ಉಜ್ಜಿಸಬೇಕು, ನಮ್ಮದೇ ಖರ್ಚಿನಲ್ಲಿ. ಆ ದಾರಿ ಹಿಡಿಯುವವರು ಯಾರ್ಡನ್ನು ಇಲ್ಲಿಂದಲೇ ಕಾದಿರಿಸಿ, ಆ ಪತ್ರವನ್ನೂ ಫೈಲಿಗೆ ಸೇರಿಸಿರಬೇಕು.

ಬರುತ್ತಿದ್ದೇವೆ ಎಂದು ತಿಳಿಸುವ ಮುಂಗಡ ಸೂಚನೆಯ ಫಾರಂ, ದೋಣಿ ತಲುಪುವುದಕ್ಕೆ ಕನಿಷ್ಠ 48 ಗಂಟೆ ಮುಂಚೆ ನ್ಯೂಜಿಲೆಂಡ್ ಕಸ್ಟಮ್ಸ್‌ಗೆ ಹೋಗಿರಬೇಕು. ಇಂಟರ್ನೆಟ್ ಇರುವಾಗ ಇಲ್ಲಿಂದಲೇ ಕಳಿಸಿ, ಪಾಸ್‌ಪೋರ್ಟ್ ಪ್ರತಿ, ತಳದ ಫೋಟೋ, ದೋಣಿಯ ಫೋಟೋ ಲಗತ್ತಿಸಿಬಿಡುವುದೇ ಸರಿ. ಸ್ಯಾಟಲೈಟ್ ಫೋನಿನಲ್ಲಿ ದೊಡ್ಡ ಫೈಲ್ ಹೋಗುವುದಿಲ್ಲ, ಅದನ್ನು ಬರೀ ಸಮಯದ ಬದಲಾವಣೆ ತಿಳಿಸಲು ಇಟ್ಟುಕೊಳ್ಳಿ. ಫಿಜಿಯ ಗಡಿಯಾರಕ್ಕಿಂತ ನ್ಯೂಜಿಲೆಂಡಿನದು ಈಗ ಒಂದು ಗಂಟೆ ಮುಂದಿದೆ. ಫಾರಂನಲ್ಲಿ ಬರೆಯಬೇಕಾದ್ದು ಅಲ್ಲಿನ ಸಮಯ.

ಸಿಬ್ಬಂದಿ ಪಟ್ಟಿ ಐದಾರು ಪ್ರತಿ ಇರಲಿ: ಹೆಸರು, ಹುಟ್ಟಿದ ದಿನ, ರಾಷ್ಟ್ರೀಯತೆ, ಪಾಸ್‌ಪೋರ್ಟ್ ಸಂಖ್ಯೆ, ಅದರ ಅವಧಿ, ದೋಣಿಯಲ್ಲಿ ಏನು ಕೆಲಸ. ನಮ್ಮ ಕಡೆಯವರು ಇಲ್ಲಿ ತುಸು ಎಚ್ಚರವಾಗಿರಬೇಕು. ನಮ್ಮ ಎಷ್ಟೋ ಪಾಸ್‌ಪೋರ್ಟ್‌ಗಳಲ್ಲಿ ಸರ್‌ನೇಮ್ ಜಾಗ ಖಾಲಿ. ಕೆಲವರದ್ದರಲ್ಲಿ ಇನಿಷಿಯಲ್ ಬಿಡಿಸಿ ಅಪ್ಪನ ಹೆಸರೋ ಊರಿನ ಹೆಸರೋ ಸೇರಿರುತ್ತದೆ. ವೀಸಾದಲ್ಲಿ ಹೆಸರು ಹೇಗೆ ಬಂದಿದೆಯೋ ಅಕ್ಷರಶಃ ಹಾಗೇ ಪಟ್ಟಿಗೂ, ಫಾರಂಗೂ, ಫಿಜಿ ಬಿಡಲು ಅಲ್ಲಿನ ಕಸ್ಟಮ್ಸ್ ಕೊಡುವ ಅನುಮತಿಪತ್ರಕ್ಕೂ (ಕ್ಲಿಯರೆನ್ಸ್) ಬರಬೇಕು. ಒಂದರಲ್ಲಿ ಇನಿಷಿಯಲ್, ಇನ್ನೊಂದರಲ್ಲಿ ಪೂರ್ತಿ ಹೆಸರು ಇದ್ದರೆ ಅಧಿಕಾರಿಗೆ ಅದು ಇಬ್ಬರು ಬೇರೆ ಮನುಷ್ಯರಂತೆ ಕಾಣುತ್ತದೆ. ಭಾರತೀಯ ಪಾಸ್‌ಪೋರ್ಟ್‌ಗೆ ವೀಸಾ ಮೊದಲೇ ಆಗಿರಬೇಕು. ಖರ್ಚಿಗೆ ತಲಾ ತಿಂಗಳಿಗೆ 1,000 ನ್ಯೂಜಿಲೆಂಡ್ ಡಾಲರ್ ಇದೆ ಎಂಬ ಬ್ಯಾಂಕ್ ದಾಖಲೆಯನ್ನೂ ಜೊತೆಗಿಡಿ.

ನೋಂದಣಿ ಪತ್ರದ ಮೂಲಪ್ರತಿ ಬೇಕು, ವಿಮೆಯ ಪತ್ರವೂ ಇರಲಿ. ಮಾಲೀಕರು ದೋಣಿಯಲ್ಲಿಲ್ಲವೆಂದರೆ ಅವರ ಅಧಿಕಾರಪತ್ರ, ನೋಟರಿ ಆದದ್ದು.

ಫಿಜಿಯಿಂದ ಹೊರಡುವ ಕ್ಲಿಯರೆನ್ಸ್ ಕೈಗೆ ಬಂದ ಕೂಡಲೇ ಅಲ್ಲೇ ನಿಂತು ಓದಿ. ಮುಂದಿನ ಬಂದರು ಓಪುವಾ ಎಂದಿದೆಯೇ, ಎಲ್ಲರ ಹೆಸರೂ ಇದೆಯೇ, ಮೊಹರು ಬಿದ್ದಿದೆಯೇ? ಸಾಮಾನ್ಯವಾಗಿ 24 ಗಂಟೆಯೊಳಗೆ ಹೊರಟುಬಿಡಬೇಕು. ಗಾಳಿ ಕೈಕೊಟ್ಟರೆ ಯಾವುದೋ ದ್ವೀಪದ ಮರೆಯಲ್ಲಿ ಲಂಗರು ಹಾಕಿ ಕೂರದೆ, ಕಸ್ಟಮ್ಸ್‌ಗೆ ತಿಳಿಸಿಯೇ ನಿಲ್ಲಬೇಕು.

ಅಡುಗೆಮನೆ. ಹಸಿ ತರಕಾರಿ, ಹಣ್ಣು, ಮಾಂಸ, ಮೊಟ್ಟೆಯನ್ನು ದಾರಿಯಲ್ಲೇ ಮುಗಿಸಿ. ಜೇನು ಬೇಡವೇ ಬೇಡ, ಜೇನುಹುಳುಗಳ ರೋಗದ ಭಯ ಅವರಿಗೆ ಬಹಳ. ಕರಿಬೇವು, ಹಸಿಶುಂಠಿ, ಮೊಳಕೆ ಬರುವ ಇಡೀ ಹೆಸರುಕಾಳು, ಮೆಂತ್ಯ, ಮನೆಯ ಮಸಾಲೆಪುಡಿ ಎಲ್ಲವನ್ನೂ ಅಧಿಕಾರಿಗಳಿಗೆ ಬರೆದುಕೊಡಿ. ಬರೆದುಕೊಟ್ಟದ್ದಕ್ಕೆ ದಂಡವಿಲ್ಲ, ಹೆಚ್ಚೆಂದರೆ ವಸ್ತು ಹೋಗುತ್ತದೆ. ಬರೆದುಕೊಡದೆ ಸಿಕ್ಕರೆ 400 ನ್ಯೂಜಿಲೆಂಡ್ ಡಾಲರ್ ದಂಡ. ಮಣ್ಣು ಮೆತ್ತಿದ ಬೂಟನ್ನೂ ತೊಳೆದಿಡಿ.

ಅಲ್ಲಿನ ನೀರಿಗೆ ಹೊಕ್ಕ ಮೇಲೆ ತಪಾಸಣೆ ಇನ್ನೂ ಆಗಿಲ್ಲ ಎಂದು ತಿಳಿಸುವ ಹಳದಿ ಕ್ಯೂ ಬಾವುಟ ಏರಿಸಿ, ಎಲ್ಲೂ ನಿಲ್ಲದೆ ನೇರ ಓಪುವಾದ ಕ್ವಾರಂಟೈನ್ ಕಟ್ಟೆಗೆ. ದಡಕ್ಕೆ ಸೇರದ ತೇಲುಕಟ್ಟೆ ಅದು. ರಾತ್ರಿ ತಲುಪಿದರೂ ಕಟ್ಟಿಕೊಂಡು ದೋಣಿಯಲ್ಲೇ ಇರಬೇಕು. ಅಧಿಕಾರಿಗಳು ಬಂದು ಹೋಗುವವರೆಗೆ ಪಕ್ಕದ ದೋಣಿಯವರಿಗೆ ಒಂದು ಬಾಳೆಹಣ್ಣನ್ನೂ ದಾಟಿಸುವಂತಿಲ್ಲ, ಕಸದ ಚೀಲವನ್ನೂ ಇಳಿಸುವಂತಿಲ್ಲ.

ಪ್ರವಾಸಿಯಾಗಿ ಬಂದವರ ದೋಣಿಗೆ ತಾತ್ಕಾಲಿಕ ಆಮದಿನ ಪತ್ರ ಕೊಡುತ್ತಾರೆ, 24 ತಿಂಗಳವರೆಗೆ. ಎಂಜಿನ್ ಮತ್ತು ಔಟ್‌ಬೋರ್ಡಿನ (ಚಿಕ್ಕ ದೋಣಿಯ ಹಿಂಬದಿಗೆ ಸಿಕ್ಕಿಸುವ ಮೋಟಾರು) ಸೀರಿಯಲ್ ನಂಬರ್ ಬರೆದಿಟ್ಟುಕೊಂಡಿದ್ದರೆ ಫಾರಂ ತುಂಬುವಾಗ ತಡಕಾಡಬೇಕಿಲ್ಲ. ಈ ಪತ್ರ ಇಲ್ಲದೆ ಉಳಿದರೆ ದೋಣಿಯ ಬೆಲೆಯ ಮೇಲೇ 15 ಶೇಕಡಾ ಜಿಎಸ್‌ಟಿ ಬೀಳಬಹುದು. ರಿಪೇರಿಗೆ ಯಾರ್ಡಿಗೆ ಹೋಗುವಾಗ ಇದರ ಪ್ರತಿಯನ್ನು ಕೆಲಸ ಶುರುವಾಗುವ ಮುಂಚೆಯೇ ಕೊಡಿ, ಆ ಕೆಲಸಕ್ಕೂ ಜಿಎಸ್‌ಟಿ ಹಾಕದೆ ಬಿಲ್ ಮಾಡಲು ಅವರಿಗೆ ಬೇಕಾದ ಆಧಾರ ಅದೇ.